ಕೊಯಮತ್ತೂರು, ತಿರುಪ್ಪೂರು ಕಡೆಯ ಕನ್ನಡ ಮನೆಗಳ ಮದುವೆ: ಶಾಸ್ತ್ರಗಳು, ಹೆಸರುಗಳು, ಯಾರು ಏನು ಮಾಡಬೇಕು

ಮದುವೆಯ ಕಾಲ ಹತ್ತಿರವಾದರೆ ನಮ್ಮ ಸಂಘಕ್ಕೆ ಬರುವ ಕರೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಚಪ್ಪರದ ದಿನ ಏನೇನು ಸಾಮಾನು ಬೇಕು? ಧಾರೆಗೆ ಹಾಲೋ ನೀರೋ? ಹುಡುಗಿ ಚಾಮರಾಜನಗರದ ಕಡೆಯವಳು, ಅವರು ಆಷಾಢ ಅನ್ನುತ್ತಾರೆ, ನಮ್ಮ ಕ್ಯಾಲೆಂಡರಿನಲ್ಲಿ ಆನಿ ತಿಂಗಳ ಮುಹೂರ್ತ ಇದೆ, ಏನು ಮಾಡೋಣ? ಅಜ್ಜಿ ಇದ್ದಾಗ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು, ಈಗ ಯಾರನ್ನು ಕೇಳುವುದು?

ಈ ಕೊನೆಯ ಪ್ರಶ್ನೆಗಾಗಿಯೇ ಈ ಬರಹ. ನಮ್ಮ ಎರಡು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ನಡೆಯುವ ಮುಖ್ಯ ಶಾಸ್ತ್ರಗಳು ಯಾವುವು, ಅವಕ್ಕೆ ನಮ್ಮಲ್ಲಿ ಏನು ಹೆಸರು, ನೆರೆಯ ತಮಿಳು ಮನೆಗಳಲ್ಲಿ ಏನು ಹೆಸರು, ಯಾರ ಕೈಯಿಂದ ಆಗಬೇಕು, ಎಲ್ಲಿ ಗೊಂದಲ ಬರುತ್ತದೆ ಎಂಬುದನ್ನು ಒಟ್ಟಿಗೆ ಬರೆದಿದ್ದೇವೆ. ತಾಳವಾಡಿ, ಸತ್ಯಮಂಗಲ, ಹೊಸೂರು, ಕೊಳ್ಳೇಗಾಲದ ಸದಸ್ಯರಿಗೆ ಇದರಲ್ಲಿ ಕೆಲವು ಗೊತ್ತಿರುವ ಸಂಗತಿಗಳೇ. ಆದರೆ ಹೆಣ್ಣು ಕೊಟ್ಟು ತರುವ ಸಂಬಂಧ ಈ ಊರುಗಳ ನಡುವೆ ಇಂದಿಗೂ ನಡೆದಿರುವುದರಿಂದ ಅವರಿಗೂ ಬೇಕಾದೀತು.

ನಮ್ಮವರು ಯಾರು ಯಾರು

'ಕನ್ನಡ ಮದುವೆ' ಎಂಬ ಒಂದೇ ಪದ್ಧತಿ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಕೊಯಮತ್ತೂರು ಪೇಟೆ, ತಿರುಪ್ಪೂರು, ಮೆಟ್ಟುಪಾಳಯದ ಹತ್ತಿರದ ಸಿರುಮುಗೈ ಮುಂತಾದ ನೇಕಾರಿಕೆಯ ಊರುಗಳಲ್ಲಿ ದೇವಾಂಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಳ್ಳಿಗಳಲ್ಲಿ ಒಕ್ಕಲಿಗ ಗೌಡರು, ಉಡುಮಲಪೇಟೆ, ಧಾರಾಪುರಂ ಕಡೆ ಅನುಪ್ಪ ಗೌಂಡರು, ಅಲ್ಲಲ್ಲಿ ಕುರುಬರು, ಲಿಂಗಾಯತರು ಇದ್ದಾರೆ. ಹೋಟೆಲು, ವ್ಯಾಪಾರ, ಬ್ಯಾಂಕು, ಗಿರಣಿ ಕೆಲಸ ಎಂದು ಉಡುಪಿ, ಮೈಸೂರು ಕಡೆಯಿಂದ ಇತ್ತೀಚಿನ ತಲೆಮಾರುಗಳಲ್ಲಿ ಬಂದ ಮಾಧ್ವ, ಸ್ಮಾರ್ತ ಮನೆಗಳೂ ಇವೆ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ತಾಯ್ನುಡಿಯವರು ನೂರಕ್ಕೆ ಸುಮಾರು 1.8ರಷ್ಟು.

ಇಲ್ಲಿಗೆ ಕನ್ನಡ ಹೊಸದಾಗಿ ಬಂದದ್ದೇನಲ್ಲ. ಹದಿನೇಳನೆಯ ಶತಮಾನದಲ್ಲಿ ಕೊಂಗು ನಾಡು ಮೈಸೂರು ಒಡೆಯರ ಕೈಗೆ ಬಂತು, 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೂ ಮೈಸೂರಿನ ಆಡಳಿತದಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವೇ ಆಗಿತ್ತು. ಆದ್ದರಿಂದ ನಮ್ಮ ಹಿರಿಯರಿಗೆ ಕೊಳ್ಳೇಗಾಲದಿಂದ ಹೆಣ್ಣು ತರುವುದೆಂದರೆ ಜಿಲ್ಲೆಯೊಳಗಿನ ಸಂಬಂಧ. ನಮಗೆ ಅದು ಹೊರರಾಜ್ಯದ ಸಂಬಂಧ. ತಿರುಪ್ಪೂರು ಬೇರೆ ಜಿಲ್ಲೆಯಾದದ್ದಂತೂ 2009ರಲ್ಲಿ.

ಹೀಗೆ ಬೇರೆ ಬೇರೆ ಕಾಲಕ್ಕೆ ಬಂದು ನೆಲೆಸಿದವರ ಮದುವೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಶಾಸ್ತ್ರಗಳಲ್ಲಿ ಮುಕ್ಕಾಲು ಪಾಲು ನೆರೆಯ ಕೊಂಗು ತಮಿಳರ ಮದುವೆಯಲ್ಲೂ ಇರುವಂಥವೇ. ಕಂಬ ನೆಡುವುದು, ಅರಿಶಿನ, ಮಡಕೆ ಪೂಜೆ, ತಾಳಿ, ಅಕ್ಷತೆ ಎಲ್ಲವೂ ಅಲ್ಲೂ ಇವೆ. ನಮ್ಮದೆಂದು ಉಳಿದಿರುವುದು ಮುಖ್ಯವಾಗಿ ಶಾಸ್ತ್ರದ ಹೆಸರು, ಆಗ ಹೇಳುವ ಮಾತು, ಹಾಡುವ ಪದ ಮತ್ತು ಯಾವ ನಂಟರಿಗೆ ಯಾವ ಹಕ್ಕು ಎಂಬ ಲೆಕ್ಕ. ಮಂಟಪದವರು ಕೊಡುವ ಸಾಮಾನಿನ ಪಟ್ಟಿಯಲ್ಲಿ ಈ ನಾಲ್ಕೂ ಇರುವುದಿಲ್ಲ.

ತಿಂಗಳ ಗೊಂದಲ

ದಿನ ಗೊತ್ತು ಮಾಡುವಾಗಲೇ ಮೊದಲ ಜಗಳ. ತಮಿಳು ತಿಂಗಳು ಸೂರ್ಯನನ್ನು ಹಿಡಿದು ನಡೆಯುತ್ತದೆ, ನಮ್ಮ ಪಂಚಾಂಗದ ತಿಂಗಳು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಹೆಸರು ಕೇಳಲು ಒಂದೇ ಥರ ಇದ್ದರೂ 'ಆಷಾಢ' ಬೇರೆ, 'ಆಡಿ' ಬೇರೆ. ಆಡಿ ಯಾವಾಗಲೂ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಆಷಾಢ ವರ್ಷದಿಂದ ವರ್ಷಕ್ಕೆ ಜರುಗುತ್ತದೆ. 2025ರಲ್ಲಿ ಆಷಾಢ ಜೂನ್ 26ಕ್ಕೆ ಶುರುವಾಗಿ ಜುಲೈ 24ಕ್ಕೆ ಮುಗಿಯಿತು. ಆಡಿ ಜುಲೈ 17ರಿಂದ ಆಗಸ್ಟ್ 16ರವರೆಗೆ. ಎರಡೂ ಕಡೆಯವರ ಮಾತು ಕೇಳಿದರೆ ಏಳು ವಾರಕ್ಕೂ ಹೆಚ್ಚು ಕಾಲ ಮದುವೆ ಇಲ್ಲ. 2026ರಲ್ಲಿ ಆಷಾಢ ಜುಲೈ 15ರಿಂದ ಆಗಸ್ಟ್ 12ರವರೆಗೆ ಬರುವುದರಿಂದ ಎರಡೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಆದರೆ ಆ ವರ್ಷ ಬೇರೆ ತೊಡಕು ಇದೆ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಧಿಕ ಮಾಸದಲ್ಲಿ ನಮ್ಮವರು ಶುಭಕಾರ್ಯ ಮಾಡುವುದಿಲ್ಲ. ತಮಿಳು ಲೆಕ್ಕದಲ್ಲಿ ಅಧಿಕ ಮಾಸವೆಂಬುದೇ ಇಲ್ಲ, ಅವರಿಗೆ ಅದು ವೈಕಾಶಿ, ಮದುವೆಯ ಭರಾಟೆಯ ತಿಂಗಳು.

ಪೊಂಗಲ್ ಮುಗಿದ ಕೂಡಲೇ ತೈ ತಿಂಗಳ ಮುಹೂರ್ತಗಳಿಗಾಗಿ ಇಲ್ಲಿ ಮಂಟಪಗಳು ತುಂಬಿಬಿಡುತ್ತವೆ. ಪಂಚಾಂಗ ನೋಡುವ ಕನ್ನಡ ಮನೆಯವರು ಪುಷ್ಯ ಮಾಸ ಕಳೆಯಲಿ ಎನ್ನುತ್ತಾರೆ. ಪುಷ್ಯ ಮುಗಿಯುವುದು ತೈ ಅಮಾವಾಸ್ಯೆಗೆ. 2025ರಲ್ಲಿ ಪೊಂಗಲ್ ಜನವರಿ 14, ತೈ ಅಮಾವಾಸ್ಯೆ ಜನವರಿ 29. ನಡುವೆ ಎರಡು ವಾರ. ಪುರಟ್ಟಾಸಿ ತಿಂಗಳನ್ನು, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ, ತಮಿಳು ಮನೆಗಳು ಬಿಡುತ್ತವೆ; ನಾವು ಬಿಡುವುದು ಅದಕ್ಕಿಂತ ಚಿಕ್ಕದಾದ ಪಿತೃಪಕ್ಷವನ್ನು. ಮಾರ್ಗಳಿ ಮಾತ್ರ ಇಬ್ಬರಿಗೂ ಒಂದೇ, ನಮ್ಮಲ್ಲಿ ಅದಕ್ಕೆ ಧನುರ್ಮಾಸ ಎಂದು ಹೆಸರು.

ನಮ್ಮ ಸಲಹೆ ಇಷ್ಟೆ: ಮಂಟಪಕ್ಕೆ ಮುಂಗಡ ಕೊಡುವ ಮೊದಲು ಎರಡೂ ಕಡೆಯ ಕ್ಯಾಲೆಂಡರು ಒಟ್ಟಿಗೆ ಇಟ್ಟುಕೊಂಡು ಕೂರಿ. ಮುಂಗಡ ಕೊಟ್ಟಾದ ಮೇಲೆ ಬೀಗರ ಮನೆಯ ಹಿರಿಯರೊಬ್ಬರು "ಅದು ಆಷಾಢವಲ್ಲವೇ" ಎಂದರೆ ಆ ಮಾತು ಮದುವೆ ಮುಗಿಯುವವರೆಗೂ ಮನೆಯಲ್ಲಿ ಸುತ್ತುತ್ತಿರುತ್ತದೆ.

ವೀಳ್ಯದಿಂದ ಬಳೆಯವರೆಗೆ

ಹೆಣ್ಣು ಒಪ್ಪಿಗೆಯಾಗಿ ತಟ್ಟೆ ಬದಲಾಯಿಸಿಕೊಳ್ಳುವುದಕ್ಕೆ ನಮ್ಮಲ್ಲಿ ವೀಳ್ಯಶಾಸ್ತ್ರ, ನಿಶ್ಚಿತಾರ್ಥ ಎಂಬ ಹೆಸರು, ತಮಿಳಿನಲ್ಲಿ ನಿಶ್ಚಯತಾಂಬೂಲಂ. ಆಮಂತ್ರಣ ಅಚ್ಚಾಗಿ ಬಂದ ಮೇಲೆ ಮೊದಲ ಪ್ರತಿ ಮನೆದೇವರಿಗೆ. ದೇವಾಂಗರಿಗೆ ಚೌಡೇಶ್ವರಿ, ಇಲ್ಲಿನ ಮಾತಿನಲ್ಲಿ ಸೌಡೇಶ್ವರಿ ಅಥವಾ ಸೌಡಾಂಬಿಕೆ. ಕೊಯಮತ್ತೂರು ರಾಜವೀದಿಯ ಗುಡಿಯ ವಿಜಯದಶಮಿಯ ಕತ್ತಿ ಸೇವೆ ನೋಡಿದವರಿಗೆ ಈ ದೇವಿಯನ್ನು ಕರೆಯದೆ ನಮ್ಮಲ್ಲಿ ಏನೂ ಶುರುವಾಗುವುದಿಲ್ಲ ಎಂಬುದು ತಿಳಿದಿರುತ್ತದೆ. ಗಡಿಯ ಕಡೆಯ ಎಷ್ಟೋ ಮನೆಗಳಿಗೆ ಮಲೆ ಮಾದಪ್ಪನೇ ಮನೆದೇವರು.

ಮನೆಯ ಮುಂದೆ ಚಪ್ಪರ ಹಾಕುತ್ತಿದ್ದ ಕಾಲದಲ್ಲಿ ಮೊದಲ ಕೆಲಸ ಹಾಲುಗಂಬ. ಹಾಲು ಒಸರುವ ಮರದ ಕೊಂಬೆಯೊಂದನ್ನು ತಂದು, ಅರಿಶಿನ ಕುಂಕುಮ ಹಚ್ಚಿ, ಮುತ್ತೈದೆಯರು ಸೇರಿ ನೆಡುತ್ತಾರೆ. ತಮಿಳಿನ ಮುಹೂರ್ತಕ್ಕಾಲ್ ಇದೇ. ಈಗ ಮಂಟಪದಲ್ಲಿ ಮದುವೆಯಾದರೂ ಮನೆಯ ಬಾಗಿಲಲ್ಲಿ ಒಂದು ಕೊಂಬೆ ನೆಟ್ಟು ಶಾಸ್ತ್ರ ಮುಗಿಸುವವರಿದ್ದಾರೆ. ಅದು ಒಳ್ಳೆಯದೇ.

ಮುಂದಿನದು ಐರಣೆ. ಕುಂಬಾರರ ಮನೆಯಿಂದ ಬಣ್ಣ ಬಳಿದ ಮಡಕೆಗಳನ್ನು ಮೇಳದೊಂದಿಗೆ ತಂದು ಮಂಟಪದಲ್ಲಿ ಇಟ್ಟು ಪೂಜಿಸುವುದು. ಕನ್ನಡದಲ್ಲಿ ಐರಣೆ, ಐರಾಣಿ ಎನ್ನುತ್ತಾರೆ, ತೆಲುಗಿನಲ್ಲಿ ಐರೇಣಿ ಎಂದೇ ಇದೆ. ತಮಿಳರು ಅರಸಾಣಿಪ್ಪಾನೈ ಎನ್ನುತ್ತಾರೆ. ಅಲಂಕಾರದವರು ಈಗ ತಾವೇ ಥರ್ಮೋಕೋಲಿನ ಮಡಕೆ ತಂದು ಜೋಡಿಸಿಡುವುದನ್ನು ಕಂಡಿದ್ದೇವೆ. ನೋಡಲು ಚೆನ್ನಾಗಿರುತ್ತದೆ, ಆದರೆ ಅದರೊಳಗೆ ನೀರು ತುಂಬುವಂತಿಲ್ಲ. ನೀರು ತುಂಬದ ಮಡಕೆಗೆ ಪೂಜೆ ಏತಕ್ಕೆ ಎಂದು ಒಬ್ಬ ಅಜ್ಜಿ ಕೇಳಿದಾಗ ಅಲ್ಲಿದ್ದ ಯಾರ ಬಳಿಯೂ ಉತ್ತರ ಇರಲಿಲ್ಲ.

ಅರಿಶಿನ ಹಚ್ಚುವುದಕ್ಕೆ ಅರಿಶಿನ ಶಾಸ್ತ್ರ, ನಲುಗು ಎಂಬ ಹೆಸರುಗಳಿವೆ. ತಮಿಳಿನ ನಲಂಗು ಅದೇ ಮಾತು. ಹುಡುಗಿಗೆ ಬಳೆ ತೊಡಿಸುವುದು ಬಳೆ ಶಾಸ್ತ್ರ, ಇದು ಹಸಿರು ಗಾಜಿನ ಬಳೆ. ಬಳೆಗಾರರನ್ನು ಮನೆಗೇ ಕರೆಸಿ, ಮದುಮಗಳಿಗೆ ತೊಡಿಸಿದ ಮೇಲೆ ಬಂದ ಹೆಂಗಸರಿಗೆಲ್ಲ ತೊಡಿಸಿ, ಬಳೆಗಾರರಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಕೊಟ್ಟು ಕಳಿಸುವುದು ಕ್ರಮ. ಪಂಜಾಬಿ ಮದುವೆಯಲ್ಲಿ ಹೆಣ್ಣಿಗೆ ತೊಡಿಸುವ ಕೆಂಪು ಬಿಳಿ ಬಣ್ಣದ 'ಚೂಡಾ' ಬಳೆಗಳನ್ನು ಸಿನಿಮಾದಲ್ಲಿ ನೋಡಿ ನಮ್ಮ ಹುಡುಗಿಯರೂ ಈಗ ಕೇಳುತ್ತಾರೆ. ಕೇಳಲಿ ಬಿಡಿ. ಆದರೆ ಅಲ್ಲಿ ಆ ಬಳೆ ತರುವುದು ತಾಯಿಯ ಅಣ್ಣತಮ್ಮಂದಿರು, ಅಂದರೆ ಸೋದರಮಾವಂದಿರೇ ಎಂಬುದನ್ನೂ ಹೇಳಿಕೊಡಬೇಕು.

ಏಕೆಂದರೆ ನಮ್ಮಲ್ಲೂ ಸೋದರಮಾವನಿಲ್ಲದೆ ಮದುವೆ ಇಲ್ಲ. ಮದುಮಗಳನ್ನು ಹಸೆಮಣೆಗೆ ಕರೆತರುವುದು ಅವರು. ಚಿಕ್ಕ ವಯಸ್ಸಿನಲ್ಲಿ ಮದುವೆ ಮಾಡುತ್ತಿದ್ದ ಕಾಲದಲ್ಲಿ ಎತ್ತಿಕೊಂಡೇ ತರುತ್ತಿದ್ದರು, ಈಗ ಕೈ ಹಿಡಿದು ತರುತ್ತಾರೆ. ಸೋದರಮಾವ ಬರುವುದು ತಡವಾದರೆ ಮುಹೂರ್ತ ಮೀರಿದರೂ ಹಿರಿಯರು ಕಾಯುತ್ತಾರೆ.

ಧಾರೆ

ಕನ್ನಡದ ಆಮಂತ್ರಣ ಪತ್ರಿಕೆ ನೋಡಿ. ಅದರಲ್ಲಿ 'ಧಾರಾ ಮುಹೂರ್ತ' ಎಂದು ಇರುತ್ತದೆ. ತಮಿಳು ಪತ್ರಿಕೆಯಲ್ಲಿ ತಿರುಮಣಂ ಅಥವಾ ಮಾಂಗಲ್ಯಧಾರಣಂ. ಮದುವೆಯ ತಿರುಳು ಯಾವುದು ಎಂಬುದರಲ್ಲೇ ಈ ವ್ಯತ್ಯಾಸ ಇದೆ. ಹಳೆ ಮೈಸೂರು ಕಡೆಯ ಒಕ್ಕಲು ಮನೆಗಳಲ್ಲಿ ಗಂಡುಹೆಣ್ಣಿನ ಕೈಗಳನ್ನು ಒಂದರ ಮೇಲೊಂದು ಇಟ್ಟು, ಅದರಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಇರಿಸಿ, ಹೆಣ್ಣಿನ ತಂದೆತಾಯಿ ಮೊದಲು ಹಾಲು ಎರೆಯುತ್ತಾರೆ. ಆಮೇಲೆ ನಂಟರು, ಊರವರು ಸಾಲಾಗಿ ಬಂದು ಒಂದೊಂದು ಉದ್ಧರಣೆ ಹಾಲು ಎರೆದು ಅಕ್ಷತೆ ಹಾಕುತ್ತಾರೆ. ಕೆಳಗೆ ಒಂದು ಅಗಲವಾದ ಹರಿವಾಣ. ಮದುವೆಗೆ ಬಂದವರೆಲ್ಲರ ಕೈಯೂ ಸೇರಿದ ಮದುವೆ ಅದು. ಹೆಣ್ಣಿನ ಸೀರೆಗೂ 'ಧಾರೆ ಸೀರೆ' ಎಂದೇ ಹೆಸರು; ಇಲ್ಲಿನ ತಮಿಳಿನಲ್ಲಿ ಕೂರೈಪ್ಪುಡವೈ.

ತಮಿಳು ಪದ್ಧತಿಯಲ್ಲಿ ತಾರೈ ವಾರ್ತ್ತಲ್ ಎಂಬುದು ಇದೆ. ಆದರೆ ಅದು ಕನ್ಯಾದಾನದ ಒಂದು ಚಿಕ್ಕ ಭಾಗ, ತಂದೆ ಒಮ್ಮೆ ನೀರು ಬಿಟ್ಟರೆ ಮುಗಿಯಿತು. ಇಲ್ಲಿನ ಪುರೋಹಿತರಿಗೆ ಗೊತ್ತಿರುವುದು ಅದು. ನಮ್ಮ ಸದಸ್ಯರೊಬ್ಬರ ಮನೆಯ ಮದುವೆ ತಿರುಪ್ಪೂರಿನಲ್ಲಿ ನಡೆಯಿತು, ಹೆಣ್ಣು ಗಡಿಯ ಆ ಕಡೆಯದು. ಪುರೋಹಿತರು ಕನ್ಯಾದಾನದ ನೀರು ಬಿಡಿಸಿ ನೇರವಾಗಿ ತಾಳಿಗೆ ಹೋದರು. ಮೇಳದವರು ಗಟ್ಟಿಮೇಳ ಬಾರಿಸಿದರು, ಫೋಟೊದವರು ಮೇಲೆ ಹತ್ತಿದರು, ಮದುವೆ ಆಗಿಯೇ ಹೋಯಿತು. ಹೆಣ್ಣಿನ ಅಜ್ಜಿ ಹಾಲಿನ ತಂಬಿಗೆ ಹಿಡಿದು ಮೆಟ್ಟಿಲ ಹತ್ತಿರ ನಿಂತೇ ಇದ್ದರು. ಅವರ ಹಿಂದೆ ಊರಿನಿಂದ ಬಂದ ಹತ್ತು ಹದಿನೈದು ಜನ. "ಧಾರೆ ಯಾವಾಗ ಮಗಾ?" ಎಂದು ಅವರು ಕೇಳಿದಾಗ ಗಂಡಿನ ಕಡೆಯ ಹುಡುಗರಿಗೆ ಮಾತೇ ಅರ್ಥವಾಗಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ಗಂಡಿನ ಮನೆಯಲ್ಲೂ ಕನ್ನಡವೇ ಮಾತು, ಆದರೆ ಎರಡು ತಲೆಮಾರಿನಿಂದ ಆ ಒಂದು ಪದ ಅಲ್ಲಿ ಬಳಕೆಯಲ್ಲಿರಲಿಲ್ಲ. ಕೊನೆಗೆ ಊಟದ ಹೊತ್ತಿಗೆ ಗಂಡುಹೆಣ್ಣನ್ನು ಮತ್ತೆ ಕೂರಿಸಿ ಧಾರೆ ಎರೆದರು. ಅಜ್ಜಿ ಎರೆದರು, ಆದರೆ ಊಟಕ್ಕೆ ಕೂರಲಿಲ್ಲ.

ಆದ್ದರಿಂದ ಮಿಶ್ರ ಕಡೆಯ ಮದುವೆಯಲ್ಲಿ ಪುರೋಹಿತರಿಗೆ ಹಿಂದಿನ ದಿನವೇ ಮೂರು ಸಂಗತಿ ಹೇಳಿಡಿ. ಧಾರೆ ತಾಳಿಗೆ ಮೊದಲೋ ಆಮೇಲೋ (ಮನೆಮನೆಗೂ ಬೇರೆ ಇರುತ್ತದೆ), ಹಾಲೋ ನೀರೋ, ಎಷ್ಟು ಜನ ಎರೆಯುತ್ತಾರೆ. ನೂರು ಜನ ಎರೆಯುವುದಾದರೆ ಅರ್ಧ ಗಂಟೆ ಬೇಕು, ಮುಹೂರ್ತದ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಬೇಕು.

ಎಲ್ಲರ ಮನೆಯಲ್ಲೂ ಪುರೋಹಿತರೇ ಇರುತ್ತಾರೆ ಎಂದೇನಿಲ್ಲ. ಲಿಂಗಾಯತರಲ್ಲಿ ಜಂಗಮರ ಸನ್ನಿಧಿಯಲ್ಲಿ ಪಂಚಕಳಶ ಇಟ್ಟು ಮದುವೆ ನಡೆಯುತ್ತದೆ. ಮಾಧ್ವ, ಸ್ಮಾರ್ತರಲ್ಲಿ ಅಂತರಪಟ, ಲಾಜಹೋಮ, ಸಪ್ತಪದಿ ಪೂರ್ತಿಯಾಗಿ ಆಗುತ್ತವೆ. ನೆರೆಯ ಕೊಂಗು ವೇಳಾಳ ಗೌಂಡರ ಹಳೆಯ ಪದ್ಧತಿಯಲ್ಲಿ ಮದುವೆ ಮಾಡಿಸುವವರು ಅವರದೇ ಜಾತಿಯ ಹಿರಿಯ 'ಅರುಮೈಕ್ಕಾರರು', ಮಂಗಳವಾೞ್ತ್ತು ಹಾಡುವವರು ಊರಿನ ನಾವಿದರು. ಕಾಂಗೇಯಂ ಹತ್ತಿರದ ಓಲಪ್ಪಾಳಯದಲ್ಲಿ ಇದ್ದು ಅಧ್ಯಯನ ಮಾಡಿದ ಬ್ರೆಂಡಾ ಬೆಕ್ ಅವರ ಪುಸ್ತಕ 1972ರಲ್ಲಿ ಬಂತು. ಕೊಂಗು ಸೀಮೆಯ ಜಾತಿಗಳು ಮತ್ತು ಆಚಾರಗಳ ಬಗ್ಗೆ ತಿಳಿಯಲು ಇಂದಿಗೂ ಅದನ್ನು ನೋಡಬೇಕು. ನೀಲಗಿರಿಯಿಂದ ಇಳಿದುಬಂದ ಬಡಗ ಮನೆಗಳದು ಇನ್ನೊಂದೇ ದಾರಿ. ಥರ್ಸ್ಟನ್ 1909ರಲ್ಲಿ ಬರೆದಂತೆ ಅವರಲ್ಲಿ ಬಸುರಿಗೆ ಏಳನೆಯ ತಿಂಗಳಲ್ಲಿ ಗಂಡ 'ಕಣ್ಣಿ' ಕಟ್ಟುತ್ತಿದ್ದ. ದಾರಕ್ಕೆ ಕಣ್ಣಿ ಎಂಬ ಆ ಮಾತು ಹಸು ಕಟ್ಟಿದ ಕನ್ನಡಿಗರಿಗೆಲ್ಲ ಗೊತ್ತು.

ತಾಳಿ, ಕರಿಮಣಿ, ನಾದಿನಿ

ತಾಳಿಯಲ್ಲೂ ಎರಡು ಪದ್ಧತಿ ಕೂಡಿಕೊಂಡಿವೆ. ಇಲ್ಲಿನ ತಮಿಳು ರೂಢಿಯಲ್ಲಿ ಅರಿಶಿನದ ದಾರಕ್ಕೆ ತಾಳಿ. ಕರಿಮಣಿ ಸಾಮಾನ್ಯವಾಗಿ ಇರುವುದಿಲ್ಲ. ಕರ್ನಾಟಕದ ಕಡೆ ಕರಿಮಣಿ ಇಲ್ಲದಿದ್ದರೆ ಅತ್ತೆಯಂದಿರು ಒಪ್ಪುವುದಿಲ್ಲ. ಹೆಚ್ಚಿನ ಮನೆಗಳು ಮದುವೆಯ ದಿನ ಅರಿಶಿನದ ದಾರ, ಆಮೇಲೆ ಚಿನ್ನದ ಸರದಲ್ಲಿ ಕರಿಮಣಿ ಪೋಣಿಸುವುದು ಎಂದು ಹೊಂದಿಕೊಂಡಿವೆ. ಮೊದಲ ಗಂಟು ಗಂಡು ಹಾಕಿದ ಮೇಲೆ ಉಳಿದ ಗಂಟು ಅವನ ಅಕ್ಕ ಅಥವಾ ತಂಗಿ ಹಾಕುವುದು ಇಲ್ಲಿ ರೂಢಿ. ತಮಿಳಿನಲ್ಲಿ ಇದು ನಾತ್ತನಾರ್ ಮುಡಿಚ್ಚು. ನಮ್ಮ ಮಕ್ಕಳ ಬಾಯಲ್ಲೂ ಈಗ 'ನಾತನಾರು' ಎಂದೇ ಬರುತ್ತದೆ. ನಾದಿನಿ ಎಂದರೆ ನಗುತ್ತಾರೆ.

ಈ ನಾದಿನಿಯ ಹಕ್ಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕೊಂಗು ಗೌಂಡರ ಮದುವೆಯಲ್ಲಿ 'ಇಣೈಚ್ಚೀರ್' ಎಂಬ ಶಾಸ್ತ್ರ ಇದೆ. ಮದುಮಗನ ಜೊತೆಗೆ ಅವನ ಅಕ್ಕತಂಗಿಯನ್ನು ಜೋಡಿಯಾಗಿ ನಿಲ್ಲಿಸಿ ಮಾಡುವ ಶಾಸ್ತ್ರ ಅದು. ಹೊಸ ಹೆಂಡತಿ ಬಂದರೂ ಒಡಹುಟ್ಟಿದವಳ ನಂಟು ಕಡಿಯುವುದಿಲ್ಲ ಎಂದು ಎಲ್ಲರ ಮುಂದೆ ತೋರಿಸುವುದು. ನಮ್ಮಲ್ಲಿ ಇದೇ ಸಂಗತಿ ಮದುವೆ ಮುಗಿದು ಹೆಣ್ಣು ಮನೆ ತುಂಬುವಾಗ ಬರುತ್ತದೆ. ಗಂಡಿನ ಅಕ್ಕತಂಗಿ ಹೊಸ್ತಿಲಲ್ಲಿ ಬಾಗಿಲು ತಡೆದು ನಿಲ್ಲುತ್ತಾಳೆ. "ನಿಂಗೆ ಹೆಣ್ಣು ಹುಟ್ಟಿದ್ರೆ ನನ್ನ ಮಗನಿಗೆ ಕೊಡ್ತೀಯಾ?" ಎಂದು ಕೇಳುತ್ತಾಳೆ. ಹೊಸ ಹೆಣ್ಣು "ಕೊಡ್ತೀನಿ" ಎಂದರೇ ದಾರಿ. ಗಂಡಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳಿಸಿಕೊಳ್ಳುವ ತಮಾಷೆಯೂ ಅಲ್ಲೇ. ಆಮೇಲೆ ಬಲಗಾಲಿನಿಂದ ಅಕ್ಕಿಯ ಸೇರು ಒದ್ದು ಒಳಗೆ ಬರುವುದು. ಕೊಂಗಿನವರು ಮಂಟಪದಲ್ಲಿ ಮಾಡಿದ್ದನ್ನು ನಾವು ಹೊಸ್ತಿಲಲ್ಲಿ ಮಾಡುತ್ತೇವೆ. ಅವರದು ಶಾಸ್ತ್ರ, ನಮ್ಮದು ಮಾತು. ಇಬ್ಬರದೂ ಒಂದೇ ಕೇಳಿಕೆ. ಮಂಟಪದಿಂದ ನೇರವಾಗಿ ಹೋಟೆಲಿಗೋ ವಿಮಾನಕ್ಕೋ ಹೋಗುವ ಈಗಿನ ಮದುವೆಗಳಲ್ಲಿ ಹೊಸ್ತಿಲೇ ಸಿಗುವುದಿಲ್ಲ, ಹೀಗಾಗಿ ಮೊದಲು ಬಿಟ್ಟುಹೋಗುತ್ತಿರುವುದು ಇದು.

ಆ ಮಾತನ್ನು ಈಗ ಯಾರೂ ನಿಜವಾಗಿ ಹಿಡಿದು ಕೂರುವುದಿಲ್ಲ. ಅತ್ತೆಯ ಮಗ, ಮಾವನ ಮಗಳು, ಸೋದರಮಾವ ಇಂಥ ಹತ್ತಿರದ ಸಂಬಂಧಗಳು ಕಡಿಮೆಯಾಗುತ್ತಿವೆ. ಮಕ್ಕಳ ಆರೋಗ್ಯದ ದೃಷ್ಟಿಯಿಂದ ವೈದ್ಯರೂ ಬೇಡವೆನ್ನುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇವು ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲೇ ಬರುತ್ತವೆ, ಎರಡೂ ಕಡೆಯವರ ರೂಢಿ ಒಪ್ಪಿದರೆ ಮಾತ್ರ ಆಗಬಹುದು.

ಮುಯ್ಯಿ ಮತ್ತು ಊಟ

ಮಂಟಪದ ಬಾಗಿಲಲ್ಲಿ ಮೇಜು ಹಾಕಿಕೊಂಡು ನೋಟುಪುಸ್ತಕದಲ್ಲಿ '501, 1001' ಎಂದು ಬರೆದುಕೊಳ್ಳುವುದಕ್ಕೆ ಇಲ್ಲಿ ಮೊಯ್ ಎನ್ನುತ್ತಾರೆ. ನಮ್ಮ ಮಕ್ಕಳು ಅದನ್ನು ತಮಿಳು ಪದವೆಂದು ತಿಳಿದಿದ್ದಾರೆ. ಕನ್ನಡದ 'ಮುಯ್ಯಿ' ಅದರ ಒಡಹುಟ್ಟಿದ ಪದ. ಕೊಟ್ಟದ್ದನ್ನು ತಿರುಗಿ ಕೊಡಬೇಕು ಎಂಬ ಅರ್ಥವೂ ಅದರಲ್ಲೇ ಇದೆ, 'ಮುಯ್ಯಿಗೆ ಮುಯ್ಯಿ' ಎಂಬ ಮಾತಿನಲ್ಲಿ ಕೇಳುವುದು ಅದನ್ನೇ. ಹಿಂದೆ ಮುಯ್ಯಿ ಓದಿಸುತ್ತಿದ್ದರು. ಇಂಥ ಊರಿನ ಇಂಥವರು ಇಷ್ಟು ಎಂದು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು. ಹಳೆಯ ಮುಯ್ಯಿ ಪುಸ್ತಕಗಳನ್ನು ದಯವಿಟ್ಟು ಎಸೆಯಬೇಡಿ. ಯಾವ ಊರಿನ ಜೊತೆ ನಿಮ್ಮ ಮನೆಗೆ ನಂಟು ಇತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗುವುದಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅಡುಗೆಯವರು ಯಾರೇ ಆದರೂ ಎಲೆ ತುಂಬುತ್ತದೆ. ಒಂದು ಸಂತೋಷದ ಸಂಗತಿ ಮಾತ್ರ: ತಮಿಳುನಾಡಿನ ಬೇರೆ ಕಡೆ ಪೋಳಿ ಎನ್ನುವುದಕ್ಕೆ ಕೊಂಗು ಸೀಮೆಯವರು 'ಒಪ್ಪುಟ್ಟು' ಎನ್ನುತ್ತಾರೆ. ನಮ್ಮ ಒಬ್ಬಟ್ಟು ಅದು. ಮದುವೆಯಾದ ಮೇಲೆ ಮಾಂಸ ತಿನ್ನುವ ಮನೆಗಳಲ್ಲಿ ಬೀಗರ ಊಟ, ಇಲ್ಲಿನವರಿಗೆ ಮರುವಿರುಂದು. 'ಬೀಗರು' ಎಂಬ ಪದದ ಜಾಗಕ್ಕೆ 'ಸಂಬಂಧಿ' ಬಂದು ಕೂತಿದೆ.

ಕಾಗದಪತ್ರ

ಮೊದಲ ಸಂಗತಿ, ತಮಿಳುನಾಡಿನಲ್ಲಿ ನಡೆದ ಮದುವೆಯನ್ನು 2009ರ ತಮಿಳುನಾಡು ವಿವಾಹ ನೋಂದಣಿ ಕಾಯ್ದೆಯಂತೆ 90 ದಿನಗಳೊಳಗೆ ನೋಂದಾಯಿಸಬೇಕು. ಮದುವೆ ಕರ್ನಾಟಕದಲ್ಲಿ ನಡೆದರೆ ಅಲ್ಲಿನ 1976ರ ಕಾಯ್ದೆ ಅನ್ವಯಿಸುತ್ತದೆ. ಆಮಂತ್ರಣ ಪತ್ರಿಕೆಯನ್ನು ಕನ್ನಡದಲ್ಲಿ ಮಾತ್ರ ಅಚ್ಚು ಹಾಕಿಸಿದರೆ ಇಲ್ಲಿನ ಕಚೇರಿಯಲ್ಲಿ ಓದುವವರು ಸಿಗುವುದು ಕಷ್ಟ. ಒಂದು ಬದಿ ಕನ್ನಡ, ಒಂದು ಬದಿ ತಮಿಳು ಇರಲಿ. ಗಂಡು ಹೆಣ್ಣಿನ ಹೆಸರು, ಇನಿಶಿಯಲ್ಲು ಆಧಾರ್‌ನಲ್ಲಿ ಇರುವಂತೆಯೇ ಎರಡೂ ಬದಿಯಲ್ಲಿ ಇರಲಿ.

ಎರಡನೆಯದು, ಶಾಸ್ತ್ರಗಳು ಬರೀ ಸಂಭ್ರಮಕ್ಕಲ್ಲ. ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮಿನಂತೆ ಗಂಡು ಅಥವಾ ಹೆಣ್ಣು, ಇಬ್ಬರಲ್ಲಿ ಯಾರ ಕಡೆಯ ರೂಢಿಯ ಪ್ರಕಾರ ಮಾಡಿದರೂ ಮದುವೆ ಸಿಂಧು. ಸಪ್ತಪದಿ ಎಲ್ಲರಿಗೂ ಕಡ್ಡಾಯವಲ್ಲ, ಆ ರೂಢಿಯಲ್ಲಿ ಸಪ್ತಪದಿ ಇದ್ದರೆ ಮಾತ್ರ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ತಮಿಳುನಾಡಿನಲ್ಲಿ ಇದರ ಜೊತೆಗೆ 7ಎ ಎಂಬ ಕಲಮು ಇದೆ. 1968ರಿಂದ ಜಾರಿಯಲ್ಲಿರುವ ಇದರಂತೆ ಪುರೋಹಿತರಿಲ್ಲದೆ, ಹಾರ ಅಥವಾ ಉಂಗುರ ಬದಲಾಯಿಸಿಕೊಂಡು ಇಲ್ಲವೇ ತಾಳಿ ಕಟ್ಟಿ ಮಾಡುವ ಸ್ವಾಭಿಮಾನದ ಮದುವೆಯೂ ಸಿಂಧು. ಆದರೆ ಯಾವ ಶಾಸ್ತ್ರವೂ ನಡೆಯದೆ ಪ್ರಮಾಣಪತ್ರ ಮಾತ್ರ ಪಡೆದರೆ ಅದು ಹಿಂದೂ ವಿವಾಹವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ಹೇಳಿದೆ. ವೀಸಾಕ್ಕಾಗಿ ಮೊದಲು ನೋಂದಣಿ, ಆಮೇಲೆ ಮದುವೆ ಎನ್ನುವ ಮನೆಯವರು ಇದನ್ನು ಗಮನಿಸಬೇಕು. ನಿಮ್ಮ ಮನೆಯ ರೂಢಿ ಯಾವುದು ಎಂದು ನಾಳೆ ಯಾರಾದರೂ ಕೇಳಿದರೆ ಹೇಳಲು ಬರಬೇಕು, ಅದಕ್ಕಾದರೂ ಬರೆದಿಟ್ಟುಕೊಳ್ಳಿ.

ಹಾಡಿನ ಪುಸ್ತಕಗಳು

ನಲುಗು, ಬಳೆ, ಹಸೆ, ಆರತಿ, ಹೆಣ್ಣು ಒಪ್ಪಿಸುವುದು, ಒಂದೊಂದಕ್ಕೂ ಹೆಂಗಸರ ಸೋಬಾನೆ ಪದಗಳಿವೆ. ಮಾಧ್ವರ ಮನೆಗಳಲ್ಲಿ ಹಾಡುವ ವಾದಿರಾಜರ ಲಕ್ಷ್ಮೀ ಶೋಭಾನೆಗೆ ಅಚ್ಚಾದ ಪುಸ್ತಕ ಇದೆ, ಅದು ಎಲ್ಲೂ ಹೋಗುವುದಿಲ್ಲ. ಉಳಿದವರ ಪದಗಳು ಅಜ್ಜಿಯರ ಬಾಯಲ್ಲಿ, ಇಲ್ಲವೇ ನೂರು ಪುಟದ ನೋಟುಪುಸ್ತಕಗಳಲ್ಲಿ ಇವೆ. ಆ ಪುಸ್ತಕಗಳನ್ನು ತೆರೆದರೆ ಹಾಡು ಕನ್ನಡ, ಅಕ್ಷರ ತಮಿಳು. ನಮ್ಮ ತಾಯಂದಿರು ಓದಿದ್ದು ತಮಿಳು ಶಾಲೆಯಲ್ಲಿ, ಅವರಿಗೆ ಬಂದ ಅಕ್ಷರದಲ್ಲಿ ಅವರು ಬರೆದಿಟ್ಟರು. ಬರೆದಿಟ್ಟದ್ದಕ್ಕೆ ನಾವು ಕೈ ಮುಗಿಯಬೇಕು.

ಆದರೆ ತಮಿಳು ಬರಹದಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ತ, ದ ಎರಡಕ್ಕೂ ಒಂದೇ. 'ಗಂಡು' ಎಂದು ಬರೆದರೂ 'ಕಂಡು' ಎಂದು ಬರೆದರೂ ಕಾಣುವುದು ಒಂದೇ ರೀತಿ. 'ಬಾಗಿಲು' ಎಂಬುದನ್ನು 'ಪಾಕಿಲು' ಎಂದೂ ಓದಬಹುದು. ಹಾಡು ಕೇಳಿ ಗೊತ್ತಿರುವವರಿಗೆ ತೊಂದರೆಯಿಲ್ಲ. ಕೇಳದೆ ಇದ್ದ ಮೊಮ್ಮಗಳು ಪುಸ್ತಕ ನೋಡಿ ಹಾಡಲು ಕೂತರೆ ಅರ್ಧ ಸಾಲು ಅರ್ಥವಾಗದೆ ನಿಂತುಬಿಡುತ್ತಾಳೆ. ಇನ್ನೊಂದು ಇಪ್ಪತ್ತು ವರ್ಷಕ್ಕೆ ಆ ಪುಸ್ತಕಗಳು ಮನೆಯಲ್ಲೇ ಇದ್ದೂ ಯಾರಿಗೂ ಓದಲು ಬಾರದ ಕಾಗದವಾಗುತ್ತವೆ ಎಂಬುದು ನಮ್ಮ ಭಯ.

ಅದಕ್ಕೆ ಸದಸ್ಯರಲ್ಲಿ ಕೇಳಿಕೊಳ್ಳುವುದು ಇದು. ಮನೆಯಲ್ಲಿ ಹಾಡು ಬಲ್ಲ ಅಜ್ಜಿ, ಅತ್ತೆ, ದೊಡ್ಡಮ್ಮ ಇದ್ದರೆ ಅವರನ್ನು ಕೂರಿಸಿ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಪುಸ್ತಕ ಇದ್ದರೆ ಅದನ್ನು ಅವರ ಮುಂದೆ ಇಟ್ಟು ಪುಟಪುಟವಾಗಿ ಓದಿಸಿ, ಹಾಡಿಸಿ. ಮದುವೆಯ ದಿನ ಗಡಿಬಿಡಿಯಲ್ಲಿ ಬೇಡ, ಮೇಳದ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಹಾಡು ಯಾವ ಶಾಸ್ತ್ರದ್ದು, ಅವರು ಯಾರಿಂದ ಕಲಿತರು, ತವರು ಯಾವ ಊರು ಎಂಬ ಮೂರು ಮಾತು ಮುದ್ರಣದ ಮೊದಲಿಗೇ ಅವರ ಬಾಯಿಂದಲೇ ಹೇಳಿಸಿ. ಪುಸ್ತಕದ ಪುಟಗಳ ಫೋಟೊ ಜೊತೆಗೆ ಕಳಿಸಿದರೆ ಕನ್ನಡ ಅಕ್ಷರಕ್ಕೆ ಇಳಿಸುವ ಕೆಲಸವನ್ನು ಸಂಘದ ವತಿಯಿಂದ ನಾವು ಮಾಡಿ, ಒಂದು ಪ್ರತಿಯನ್ನು ನಿಮ್ಮ ಮನೆಗೇ ತಿರುಗಿ ಕೊಡುತ್ತೇವೆ. ಪ್ರಕಟಿಸುವುದಾದರೆ ಹಾಡಿದವರನ್ನು ಕೇಳಿಯೇ ಪ್ರಕಟಿಸುತ್ತೇವೆ. ಮೇಲೆ ಬರೆದದ್ದರಲ್ಲಿ ನಿಮ್ಮ ಮನೆಯ ರೂಢಿ ಬೇರೆ ಇದ್ದರೆ, ಅದರಲ್ಲೂ ಧಾರೆಯ ಕ್ರಮ ಮತ್ತು ಬಾಗಿಲು ತಡೆಯುವಾಗ ಹೇಳುವ ಮಾತು ಬೇರೆ ಇದ್ದರೆ, ಅದನ್ನೂ ಬರೆದು ಕಳಿಸಿ. ಈ ಪುಟದಲ್ಲಿ ಊರಿನ ಹೆಸರಿನೊಂದಿಗೆ ಸೇರಿಸುತ್ತೇವೆ.